ಅಮ್ಮಿಗೆ ರಾಜಹಂಸ ತೋರಿಸಲು ಹೊರಟ ದಿನ

ಬೇಸಿಗೆ ರಜೆ ಬಂದರೆ ಜನ ತಂಪು ಹುಡುಕಿಕೊಂಡು ಊಟಿ, ಚಿಕ್ಕಮಗಳೂರು ಎಂದು ಹೊರಡುತ್ತಾರೆ. ನಾವು ಕೊಟ್ಟೂರಿನ ಬಿಸಿಲು ಬಿಟ್ಟು ಹಗರಿಬೊಮ್ಮನಹಳ್ಳಿಯ ಬಿಸಿಲಿಗೆ ಹೋಗುತ್ತೇವೆ, ಹಕ್ಕಿ ನೋಡಲು. ಈ ಹುಚ್ಚು ಮನೆಗೆ ಅಂಟಿದ್ದು ನನ್ನಿಂದ ಎಂದು ಎಲ್ಲರೂ ಒಮ್ಮತದಿಂದ ಹೇಳುತ್ತಾರೆ. ಬೇರೆ ಯಾವ ವಿಷಯದಲ್ಲೂ ನಮ್ಮ ಮನೆಯಲ್ಲಿ ಒಮ್ಮತ ಮೂಡಿದ್ದನ್ನು ನಾನು ಕಂಡಿಲ್ಲ.

ನಾನು ಹರಪನಹಳ್ಳಿಯ ಒಂದು ಶಾಲೆಯಲ್ಲಿ ಪಾಠ ಹೇಳುವವಳು. ರಜೆ ಬಿಟ್ಟ ಕೂಡಲೇ ಮಗಳನ್ನೂ ದುರ್ಬೀನನ್ನೂ ಕಟ್ಟಿಕೊಂಡು ಕೊಟ್ಟೂರಿನ ತವರಿಗೆ ಬರುತ್ತೇನೆ. ನನ್ನ ಗಂಡ ಬರುವುದಿಲ್ಲ. ಅವರಿಗೆ ಹಕ್ಕಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ, ಅದು ತಟ್ಟೆಯಲ್ಲಿರಬೇಕು ಅಷ್ಟೆ.

ತವರಿನಲ್ಲಿರುವುದು ಅಬ್ಬ ಮತ್ತು ಅಮ್ಮಿ, ಅಂದರೆ ನನ್ನ ಅಪ್ಪ ಅಮ್ಮ. ಅಬ್ಬ ಗಾಡಿ ರಿಪೇರಿ ಮಾಡುವ ಮೇಸ್ತ್ರಿ. ಮನೆಯ ಮುಂದೆಯೇ ತಗಡಿನ ಶೆಡ್ಡು. ಅವರ ಹೆಸರು ಇರುವುದು ಕೈಯಿಂದಲ್ಲ, ಕಿವಿಯಿಂದ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿದರೆಂದರೆ ಸುತ್ತ ನಿಂತವರು ಉಸಿರು ಬಿಗಿಹಿಡಿಯಬೇಕು. ಡಾಕ್ಟರು ಎದೆ ನೋಡುವಾಗಲೂ ನಮ್ಮೂರಲ್ಲಿ ಅಷ್ಟು ಗಂಭೀರವಾಗಿ ಯಾರೂ ನಿಲ್ಲುವುದಿಲ್ಲ. ಆಮೇಲೆ ಕಣ್ಣು ತೆರೆದು "ಬೇರಿಂಗು" ಎನ್ನುತ್ತಾರೆ, ಅಥವಾ "ಬೆಲ್ಟು." ಬಹಳ ಸಲ ಅದು ಬೇರಿಂಗೋ ಬೆಲ್ಟೋ ಆಗಿರುತ್ತದೆ. ಆಗದೇ ಹೋದ ಸಲಗಳನ್ನು ಅಮ್ಮಿ ನೆನಪಿಟ್ಟಿದ್ದಾಳೆ.

ನಮ್ಮ ತಿರುಗಾಟಕ್ಕೆ ಯಾವಾಗಲೂ ಜೊತೆಯಾಗುವವರು ಓಣಿಯ ಕಾಕಾ. ಹೊಲ ಇದೆ, ಕುರಿ ಇವೆ, ಅಬ್ಬನ ಜೊತೆ ಎಳೆವೆಯಿಂದಲೂ ಗೆಳೆತನ ಇದೆ. ಮನೆಯಲ್ಲಿ ನಾವು ಆಡುವುದು ದಖನಿ. ಕಾಕಾ ಹೊಸ್ತಿಲು ದಾಟಿದರೆ ಎಲ್ಲರ ನಾಲಿಗೆಯೂ ತಾನಾಗಿ ಕನ್ನಡಕ್ಕೆ ಹೊರಳುತ್ತದೆ. ಕಾಕಾನಿಗೆ ಯಾವ ಹಕ್ಕಿ ತೋರಿಸಿದರೂ ಒಂದೇ ಮಾತು: "ಇಂಥವು ನಮ್ಮ ಹೊಲದಾಗ ಬೇಕಾದಷ್ಟು ಅದಾವು." ಮಾಗಳದ ಹೊಳೆದಂಡೆಯಲ್ಲಿ ನೀರುನಾಯಿ ಕಂಡಾಗಲೂ ಅದೇ ಮಾತು. ಅವರ ಹೊಲದಲ್ಲಿ ಇರುವುದು ಒಂದು ಬೋರ್‌ವೆಲ್ಲು, ಅದೂ ಬೇಸಿಗೆಯಲ್ಲಿ ಕೆಮ್ಮುತ್ತದೆ.

ನಮ್ಮದು ಬರೀ ನೋಟವಲ್ಲ, ಪಂದ್ಯ. ಮೊದಲು ಕಂಡವರು "ನಂದು" ಎನ್ನಬೇಕು. ಅಂದರೆ ಆ ಹಕ್ಕಿ ಅವರದು, ಉಳಿದವರು ಅದರ ಲೆಕ್ಕ ಹಿಡಿಯುವಂತಿಲ್ಲ. ಕಾಗೆ, ಗೊರವಂಕ, ಕೋಳಿ ಆಟಕ್ಕಿಲ್ಲ. ನೀಲಗುಂದದ ಗುಡಿಯ ಗೋಡೆಯಿಂದ ಗಿಳಿಗಳ ಹಿಂಡು ಒಮ್ಮೆಲೇ ಎದ್ದಾಗ ಅಬ್ಬ ಸ್ಟೇರಿಂಗು ಬಿಟ್ಟು ಎರಡೂ ಕೈ ಎತ್ತಿ "ಎಲ್ಲಾ ನಂದು" ಎಂದುಬಿಟ್ಟರು. ಹಿಂಡು ಅಂದರೆ ಒಂದೇ ಲೆಕ್ಕ ಎಂದು ನನ್ನ ಮಗಳು, ಒಂದೊಂದೂ ಲೆಕ್ಕವೇ ಎಂದು ಅಬ್ಬ. ಈ ತಕರಾರು ಹರಪನಹಳ್ಳಿಯ ಒಗ್ಗರಣೆ ಮಂಡಕ್ಕಿಯ ಅಂಗಡಿ ಮುಟ್ಟುವ ತನಕ ನಡೆಯಿತು. ಮಂಡಕ್ಕಿ ಬಂದ ಮೇಲೆ ಇಬ್ಬರೂ ಮರೆತರು.

ಕೂಡ್ಲಿಗಿ ಕಡೆಯ ಬಂಡೆಗುಡ್ಡಗಳಿಗೆ ಕರಡಿ ನೋಡಲು ಹೋದ ಕಥೆಯನ್ನು ನಾನಾಗಿ ಹೇಳುವುದಿಲ್ಲ, ಆದರೂ ಎಲ್ಲರೂ ಹೇಳಿಸುತ್ತಾರೆ. ಗುಡ್ಡದ ಮೈಯಲ್ಲಿ, ಪೊದೆಗಳ ನಡುವೆ ಕಪ್ಪಗೆ ಏನೋ ಬಾಗಿ ಮೇಯುತ್ತಿತ್ತು. ಅಬ್ಬ ಗಾಜು ಏರಿಸಿದರು. ನಾನು ದುರ್ಬೀನು ಹಿಡಿದು, ಅದರ ಮೈಕಟ್ಟು, ನಡಿಗೆ, ಹಣ್ಣು ಕಿತ್ತು ತಿನ್ನುವ ರೀತಿ, ಎಲ್ಲವನ್ನೂ ಪಿಸುಮಾತಿನಲ್ಲಿ ವಿವರಿಸಿದೆ. ಕರಡಿ ಸೊಂಟ ನೆಟ್ಟಗೆ ಮಾಡಿಕೊಂಡು ನಮ್ಮ ಕಡೆ ತಿರುಗಿ, "ಮೇಸ್ತ್ರಿ, ಗಾಡ್ಯಾಗ ಚೀಲ ಐತೇನು? ಕವಳಿಹಣ್ಣು ಭಾಳ ಅದಾವು" ಎಂದಿತು. ಬಿಸಿಲಿಗೆ ಕಂಬಳಿ ಹೊದ್ದು ಹೋಗಿದ್ದ ಕಾಕಾ ವ್ಯಾನಿನಲ್ಲಿ ಇಲ್ಲವೆಂಬುದನ್ನು ನಾವು ಯಾರೂ ಗಮನಿಸಿರಲಿಲ್ಲ. ಹಣ್ಣು ಮಾತ್ರ ಚೆನ್ನಾಗಿದ್ದವು.

ಈ ಎಲ್ಲ ಗದ್ದಲದಲ್ಲಿ ಒಂದು ಹಕ್ಕಿಯನ್ನೂ ಕಾಣದೇ ಇದ್ದವಳು ಅಮ್ಮಿ. ಅವಳ ಕಣ್ಣಿಗೆ ಏನೂ ಆಗಿಲ್ಲ. ಅಕ್ಕಿಯಲ್ಲಿರುವ ಸಣ್ಣ ಕಲ್ಲು ದೂರದಿಂದಲೇ ಕಾಣುತ್ತದೆ. ಆದರೆ ನಾವು "ಅಲ್ಲಿ, ಅಲ್ಲಿ, ಆ ಟೊಂಗಿ ಮ್ಯಾಲ" ಎಂದು ಎಲ್ಲರೂ ಒಟ್ಟಿಗೆ ಕೂಗುತ್ತೇವೆ. ಅವಳು ಯಾವ ಮರ ಎಂದು ಹುಡುಕಿ, ಯಾವ ಟೊಂಗೆ ಎಂದು ಗೊತ್ತುಮಾಡಿಕೊಳ್ಳುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ಹಾಗಾಗಿ ಅವಳು ಒಂದು ಉಪಾಯ ಮಾಡಿಕೊಂಡಿದ್ದಳು. ಯಾರು ಏನು ತೋರಿಸಿದರೂ "ಹೂಂ, ಕಂಡ್ತು" ಎಂದುಬಿಡುವುದು. ಮಾಗಳದಲ್ಲಿ ಒಂದು ನೀಲಿ ಮಿಂಚುಳ್ಳಿ ತೋರಿಸಿದಾಗ, ನಮ್ಮನ್ನು ಇನ್ನಷ್ಟು ಸಂತೋಷಪಡಿಸಲೆಂದು, "ಹೂಂ, ಕಂಡ್ತು. ಎಷ್ಟು ಬೆಳ್ಳಗೈತಿ" ಎಂದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳೂ ನಕ್ಕಳು. ಆದರೆ ಮನೆಗೆ ಬಂದ ಮೇಲೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ನನಗೆ ಬೇಜಾರಾಯಿತು.

ಈ ಬೇಸಿಗೆಯಲ್ಲಿ ಹಂಪಸಾಗರದ ಹಿನ್ನೀರಿಗೆ ರಾಜಹಂಸಗಳು ಬಂದಿವೆ ಎಂಬ ಸುದ್ದಿ ಬಂತು. ಹಗರಿಬೊಮ್ಮನಹಳ್ಳಿಯ ನೆಂಟರೊಬ್ಬರು ಮೊಬೈಲಿಗೆ ವಿಡಿಯೋ ಕಳಿಸಿದ್ದರು. ಕೋಲಿನಂಥ ಕಾಲು, ಗುಲಾಬಿ ರೆಕ್ಕೆ, ಒಂದರ ಪಕ್ಕ ಒಂದು ಸಾಲಾಗಿ ನೂರಾರು. ಅಮ್ಮಿ ಆ ವಿಡಿಯೋವನ್ನು ಅಡುಗೆಮನೆಯಲ್ಲಿ ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟು ನೋಡಿದಳು, ಮತ್ತೆ ನೋಡಿದಳು.

"ಇವು ಟೊಂಗಿ ಮ್ಯಾಲ ಕೂಡ್ತಾವೇನು?" ಎಂದು ಕೇಳಿದಳು.

"ಇಲ್ಲಮ್ಮಿ. ನೀರಾಗ ನಿಂತಿರ್ತಾವು. ನಿನ್ನ ಮೊಮ್ಮಗಳಷ್ಟು ಎತ್ತರ ಇರ್ತಾವು. ಕಾಣದೇ ಇರಾಕ ಸಾಧ್ಯನೇ ಇಲ್ಲ."

"ಹಂಗಾದ್ರ ನಾನೂ ನೋಡ್ತೀನಿ," ಎಂದಳು. ಇಷ್ಟು ವರ್ಷಗಳಲ್ಲಿ ಒಂದು ಹಕ್ಕಿ ನೋಡಬೇಕೆಂದು ಅವಳು ತಾನಾಗಿ ಹೇಳಿದ್ದು ಅದೇ ಮೊದಲು. ಅಷ್ಟು ಹೇಳಿ ಸುಮ್ಮನಿರಲಿಲ್ಲ. ಓಣಿಯ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿಸಿದಳು. ನೆಂಟರಿಗೆ ದಿನವೂ ಫೋನು ಮಾಡಿ "ನಿಂತಾವೇನು ಇನ್ನೂ?" ಎಂದು ಕೇಳಿದಳು, ಹೆರಿಗೆಗೆ ಬಂದ ಮಗಳ ಸುದ್ದಿ ಕೇಳುವಂತೆ. ಈ ಸಲ ಅಮ್ಮಿ ನಿಜವಾಗಿ ನೋಡಬೇಕು, ಅದೊಂದು ಆದರೆ ಸಾಕು ಎಂದು ನನಗೂ ಅನಿಸಿಬಿಟ್ಟಿತು.

ವ್ಯಾನು ನಮ್ಮದೇ. ಹಳೆಯದು, ವರ್ಷದ ಹೆಚ್ಚಿನ ಕಾಲ ಶೆಡ್ಡಿನ ಹಿಂಬದಿಯ ಗೋಡೆಗೆ ಬೆನ್ನು ಹಚ್ಚಿ ನಿಂತಿರುತ್ತದೆ. ಊರವರ ಗಾಡಿಗಳೆಲ್ಲ ಅಬ್ಬನ ಕೈಯಲ್ಲಿ ಹೊಸದಾಗುತ್ತವೆ, ನಮ್ಮದಕ್ಕೆ ಮಾತ್ರ "ನಾಳಿ." ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಮ್ಮಿ ಆ ವ್ಯಾನನ್ನು ನೋಡಿದಾಗಲೆಲ್ಲ ಹೇಳುತ್ತಾಳೆ. ಆ ಮುಂಜಾನೆ ಬಗಾರಾ ಅನ್ನ, ದಾಲ್ಚಾ, ಕಾಕಾನ ಮನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ನೀರಿನ ಕ್ಯಾನು, ಚಾಪೆ ತುಂಬಿಕೊಂಡು ಹೊರಟೆವು. ಅಮ್ಮಿ ಮುಂದಿನ ಸೀಟಿನಲ್ಲಿ ಕೂತಳು. ಆ ಜಾಗ ಯಾವಾಗಲೂ ಕಾಕಾನದು. ಆ ದಿನ ಅವರೇ ಬಿಟ್ಟುಕೊಟ್ಟರು.

ಊರು ದಾಟಿ ಮೊದಲ ತಗ್ಗಿಗೆ ಗಾಡಿ ಇಳಿದದ್ದೇ ಹಿಂದಿನಿಂದ "ಚೀಂಯ್" ಎಂದಿತು. ಅಬ್ಬನ ಕಿವಿ ನೆಟ್ಟಗಾಯಿತು. ಇನ್ನೊಂದು ತಗ್ಗು, ಮತ್ತೆ "ಚೀಂಯ್, ಚೀಂಯ್."

"ಬುಷ್," ಎಂದರು ಅಬ್ಬ. ಚಕ್ರದ ಮೇಲಿನ ಕಬ್ಬಿಣದ ಪಟ್ಟಿಗಳ ನಡುವಿನ ರಬ್ಬರು ಸವೆದಿದೆ ಎಂದು ಅದರ ಅರ್ಥ.

ಗಾಡಿ ನಿಲ್ಲಿಸಿದರು. ಇಂಜಿನ್ನು ಬಂದ್ ಮಾಡಿದರೆ ಸದ್ದೂ ಬಂದ್. ಅಬ್ಬ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಹೋದರು, ಹೊರಗೆ ಎರಡು ಕಾಲು ಮಾತ್ರ ಉಳಿದವು. ಅಷ್ಟರಲ್ಲಿ ಕರೆಂಟಿನ ತಂತಿಯ ಮೇಲೆ ಒಂದು ನೀಲಕಂಠ ಬಂದು ಕೂತಿತು. ಮಗಳು "ನಂದು" ಎಂದಳು. "ಯಾವುದು? ಯಾವುದು?" ಎಂದು ಅಬ್ಬ ಗಾಡಿಯ ಕೆಳಗಿನಿಂದಲೇ ಕೂಗಿದರು. ಆಟದಲ್ಲಿ ಗಾಡಿಯ ಕೆಳಗಿದ್ದವರಿಗೆ ರಿಯಾಯಿತಿ ಇಲ್ಲ.

ಪಟ್ಟಿಗೆ ಎಣ್ಣೆ ಬಿಟ್ಟು, ಕೈ ಒರೆಸಿಕೊಂಡು ಬಂದು ಕೂತರು. ಗಾಡಿ ಹೊರಟಿತು. ಸದ್ದಿಲ್ಲ. ಅಬ್ಬ ಕನ್ನಡಿಯಲ್ಲಿ ಒಮ್ಮೆ ನಮ್ಮೆಲ್ಲರ ಮುಖ ನೋಡಿದರು. ನಾವು ಮೆಚ್ಚಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಮತ್ತೆ "ಚೀಂಯ್, ಚೀಂಯ್, ಚೀಂಯ್" ಎಂದಿತು, ಈ ಸಲ ಮೊದಲಿಗಿಂತ ಜೋರು.

ಹೀಗೆ ನಾವು ನಿಲ್ಲುತ್ತಾ ನಿಲ್ಲುತ್ತಾ ಹೋದೆವು. ಒಂದು ಕಡೆ ಜಾಕು ಹಾಕಿ ಚಕ್ರ ಬಿಚ್ಚಿದರು. ಆಗ ಒಂದು ಮುಂಗುಸಿ ರಸ್ತೆ ದಾಟಿತು. ಇನ್ನೊಂದು ಕಡೆ ಸ್ಕ್ರೂಡ್ರೈವರು ಕಿವಿಗಿಟ್ಟು ಗಾಡಿಯ ಮೈಯನ್ನೆಲ್ಲ ಕೇಳಿದರು. ಆಗ ಜಾಲಿಯ ಪೊದೆಯಿಂದ ಒಂದು ಕೆಂಬೂತ ಹೊರಬಂತು. ಅಬ್ಬನ ಪಾಲಿಗೆ ಅದು ಕೆಟ್ಟ ಪ್ರಯಾಣ, ನನ್ನ ಮಗಳ ಪಾಲಿಗೆ ಅಷ್ಟು ಫಸಲು ಹಿಂದೆಂದೂ ಸಿಕ್ಕಿರಲಿಲ್ಲ. ಪ್ರತಿ ಸಲವೂ ಎಣ್ಣೆಡಬ್ಬಿ ಹಿಡಿದು ಹಿಂದಕ್ಕೆ ಹೋದರೆ ಸದ್ದು ಅಡಗುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಶುರುವಾಗುತ್ತಿತ್ತು.

"ಮೇಸ್ತ್ರಿ, ನಿನ್ನ ಕಂಡ್ರ ಹೆದರ್ತೈತಿ ನೋಡು ಅದು," ಎಂದರು ಕಾಕಾ. ತಮಾಷೆಗೆ ಅಂದದ್ದು ಎಷ್ಟು ನಿಜವೆಂದು ಅವರಿಗೂ ಗೊತ್ತಿರಲಿಲ್ಲ.

ಅಮ್ಮಿ ಮಾತ್ರ ಆಗಾಗ ಸೂರ್ಯನನ್ನು ನೋಡುತ್ತಿದ್ದಳು. "ಬುಷ್ ಹೋದ್ರ ಹೋಗ್ಲಿ ಬಿಡ್ರಿ. ಅವು ಹಾರಿ ಹೋದ್ರ ಏನ್ ಮಾಡೋದು?" ಎಂದಳು.

ಹಗರಿಬೊಮ್ಮನಹಳ್ಳಿ ಹತ್ತಿರ ಬಂದಾಗ ಅಬ್ಬನಿಗೆ ಬೇರೆಯೇ ಕಷ್ಟ ಶುರುವಾಯಿತು. ಅಲ್ಲಿ ರಸ್ತೆಯ ಬದಿಗೆ ಅವರ ಕಸುಬಿನವರ ಅಂಗಡಿಗಳಿವೆ, ಎಲ್ಲರೂ ಪರಿಚಯದವರು. ಕೊಟ್ಟೂರಿನ ಮೇಸ್ತ್ರಿಯ ಗಾಡಿ ಕಿರುಗುಟ್ಟುತ್ತಾ ಹೋಗುವುದನ್ನು ಅವರು ಕೇಳಿದರೆ ಮುಗಿಯಿತು. "ಎಲ್ಲಾರೂ ಜೋರಾಗಿ ಮಾತಾಡ್ರಿ," ಎಂದು ಅಪ್ಪಣೆ ಕೊಟ್ಟು ಟೇಪಿನ ದನಿ ಏರಿಸಿದರು. ನಾವು ಜೋರಾಗಿ ಮಾತಾಡಿದೆವು. ನಮಗೆ ಅದು ಹೇಳಿಕೊಡಬೇಕಾದ ಕೆಲಸವಲ್ಲ. ಕಾಕಾ ಕುರಿ ಕರೆಯುವ ಕೂಗು ಹಾಕಿದರು, ಟೀ ಅಂಗಡಿಯವರು ಎದ್ದು ನಿಂತು ನೋಡಿದರು. ಮರ್ಯಾದೆ ಉಳಿಯಿತು ಎಂದು ಅಬ್ಬ ನಂಬಿದ್ದಾರೆ.

ಹಂಪಸಾಗರದ ಆಚೆ ಹಿನ್ನೀರಿನ ದಂಡೆಗೆ ಬಂದಾಗ ಬಿಸಿಲು ಏರಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ಬಿರಿದ ಮಣ್ಣು, ಅದರ ಮೇಲೆ ಎಳೆಯ ಹುಲ್ಲು, ಹುಲ್ಲಿನ ಮೇಲೆ ಕುರಿ, ಆಮೇಲೆ ಬಹಳ ದೂರದಲ್ಲಿ ನೀರು. ಆ ನೀರಿನ ಆಚೆ ಅಂಚಿನಲ್ಲಿ ಸಣ್ಣ ಗುಲಾಬಿ ಗೆರೆ. ಇದ್ದವು.

ಅಲ್ಲೇ ಬಲೆ ಒಣಗಿಸುತ್ತಿದ್ದ ಒಬ್ಬರು, "ಈಗ ಬರಂಗಿಲ್ರಿ ಅವು. ಹೊತ್ತು ಇಳಿದ ಮ್ಯಾಲ ಈ ಕಡಿ ದಂಡಿಗೆ ಮೇಯಾಕ ಬರ್ತಾವು. ಅಲ್ಲೀತನ ಊಟ ಮಾಡ್ರಿ," ಎಂದರು. ಅಮ್ಮಿಗೆ ಇದಕ್ಕಿಂತ ಒಳ್ಳೆಯ ಮಾತು ಬೇಕಿರಲಿಲ್ಲ. ಕಾಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಅಬ್ಬನ ಜೊತೆ ಸಂಸಾರ ಮಾಡಿದವಳು. ವ್ಯಾನಿನ ನೆರಳಿನಲ್ಲಿ ಚಾಪೆ ಹಾಸಿ, ಡಬ್ಬಿ ಬಿಚ್ಚಿ, ಎಲ್ಲರಿಗೂ ಬಡಿಸಿದಳು. ನಾವು ಮೊದಲ ತುತ್ತು ಬಾಯಿಗಿಟ್ಟೆವು.

"ಚೀಂಯ್, ಚೀಂಯ್."

ಅಬ್ಬನ ಕೈ ತಟ್ಟೆಯ ಮೇಲೆಯೇ ನಿಂತಿತು. ಗಾಡಿ ನಿಂತಿದೆ, ಇಂಜಿನ್ನು ಬಂದ್ ಆಗಿದೆ, ಕೀಲಿ ಅವರ ಜೇಬಿನಲ್ಲಿದೆ. ನಿಂತ ಗಾಡಿಯ ಬುಷ್ ಸದ್ದು ಮಾಡುವುದಿಲ್ಲ, ಇದು ನನಗೂ ಗೊತ್ತು. ಅವರು ನಿಧಾನಕ್ಕೆ ತಟ್ಟೆ ಕೆಳಗಿಟ್ಟರು. ಇಡೀ ಜೀವಮಾನ ನಂಬಿದ ಕಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಅಮ್ಮಿ ಎದ್ದು ಹೋಗಿ ವ್ಯಾನಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಬಂಪರಿನ ತುದಿಗೆ ಕಿವಿ ಹಚ್ಚಿದಳು. ಬಂಪರಿನ ಒಳಗೆ ಟೊಳ್ಳು ಇದೆ, ಒಂದು ಪಕ್ಕದಲ್ಲಿ ಮುಷ್ಟಿ ಹಿಡಿಯುವಷ್ಟು ಸಂದು. ಆ ಸಂದಿನಿಂದ ನಾಲ್ಕಾರು ಹುಲ್ಲುಕಡ್ಡಿ ಹೊರಗೆ ಚಾಚಿದ್ದವು. ಅವನ್ನು ನಾವೆಲ್ಲರೂ ಮುಂಜಾನೆಯಿಂದ ನೋಡಿದ್ದೆವು. ಹಳೆಯ ಗಾಡಿ, ಏನೋ ಸಿಕ್ಕಿಕೊಂಡಿದೆ ಎಂದುಕೊಂಡಿದ್ದೆವು. ನಾನು ಮೊಬೈಲಿನ ಟಾರ್ಚು ಹಾಕಿದೆ. ಒಳಗೆ ಹುಲ್ಲು, ಹತ್ತಿ, ಅಬ್ಬನ ಕೈ ಒರೆಸುವ ಬಟ್ಟೆಯ ಎಳೆಗಳು. ಅದರ ನಡುವೆ ಕೆಂಪು ಮೈಯ, ರೆಕ್ಕೆ ಇನ್ನೂ ಸರಿಯಾಗಿ ಮೂಡದ ಗುಬ್ಬಿ ಮರಿಗಳು. ಬೆಳಕು ಬಿದ್ದದ್ದೇ ತಾಯಿ ಬಂತೆಂದು ಹಳದಿ ಬಾಯಿಗಳನ್ನು ಅಗಲಿಸಿ ಕೂಗಿದವು.

ಆಮೇಲೆ ಕಾಕಾ ರಸ್ತೆಯುದ್ದಕ್ಕೂ ಹೊರಬಂದಿದ್ದ ಜಾಕು, ಪಾನಾ, ಎಣ್ಣೆಡಬ್ಬಿಗಳ ಕಡೆ ನೋಡಿ, "ಗುಬ್ಬಿ ಮ್ಯಾಲ ಬ್ರಹ್ಮಾಸ್ತ್ರ ಬಿಟ್ಟಂಗಾತಲ್ಲೋ ಮೇಸ್ತ್ರಿ," ಎಂದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನಾವು ದುರ್ಬೀನು ಹಾಕಿಕೊಂಡು ಹುಡುಕಿದ್ದೆವು. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಬಂತು. ಅಬ್ಬ ನಗಲಿಲ್ಲ. ಎಣ್ಣೆ ಒಳಗೆ ಹೋಗಿದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದರು. ಹೋಗಿರಲಿಲ್ಲ.

ನಗು ಇಳಿದ ಮೇಲೆ ಮಗಳು ಕೇಳಿದಳು: "ಇವುಗಳ ಅಮ್ಮಿ ಎಲ್ಲೈತಿ?"

ಕೊಟ್ಟೂರಿನಲ್ಲಿತ್ತು. ನಮ್ಮ ಶೆಡ್ಡಿನ ಹಿಂದೆ, ವ್ಯಾನು ಇಲ್ಲದ ಜಾಗದಲ್ಲಿ. ಹುಳ ಹುಡುಕಲು ಹೋಗಿ ಬರುವಷ್ಟರಲ್ಲಿ ಮನೆಯನ್ನೇ ಯಾರೋ ಓಡಿಸಿಕೊಂಡು ಹೋಗಿದ್ದರು.

ನಾನು ಪುಸ್ತಕ ಓದಿದವಳು, ಬೇಗ ಒಂದು ದಾರಿ ಹೇಳಿದೆ. ಇಲ್ಲಿ ಹುಲ್ಲಿನಲ್ಲಿ ಮಿಡತೆ ಇವೆ, ಹಿಡಿದು ತಿನ್ನಿಸೋಣ. ಹೊತ್ತು ಇಳಿಯಲಿ, ಅಮ್ಮಿ ರಾಜಹಂಸ ನೋಡಲಿ, ಆಮೇಲೆ ಹೊರಡೋಣ. ಮಗಳು ಆಗಲೇ ಮಿಡತೆಯ ಹಿಂದೆ ಓಡಿದಳು. ಒಂದನ್ನು ತಂದು ಮುರಿದು ಕೊಟ್ಟೆವು. ಒಂದು ಮರಿ ನುಂಗಿತು, ಇನ್ನೊಂದು ಬಾಯಿ ತೆರೆದದ್ದು ಮುಚ್ಚಲೇ ಇಲ್ಲ, ಮತ್ತೊಂದು ತಲೆ ಎತ್ತಲಿಲ್ಲ. ಬಂಪರು ಮುಟ್ಟಿದರೆ ಸುಡುತ್ತಿತ್ತು.

"ಕಾಕಾ, ತಾಯಿ ಕಾಯ್ತೈತೇನು ಸಂಜಿತನ?" ಎಂದೆ.

"ನಂಗ ಗುಬ್ಬಿದು ಗೊತ್ತಿಲ್ಲವ್ವ. ಕುರಿದು ಹೇಳ್ತೀನಿ. ಮರಿ ಕಾಣ್ಲಿಲ್ಲಾಂದ್ರ ತಾಯಿ ಒದರ್ತೈತಿ, ಹುಡುಕ್ತೈತಿ, ಅನ್ನ ನೀರು ಬಿಡ್ತೈತಿ. ಆದ್ರ ಒಂದು ಹೊತ್ತಿಗೆ ತಿರುಗಿ ಮೇಯಾಕ ಹೋಗಿಬಿಡ್ತೈತಿ. ಆಮ್ಯಾಲ ಮರಿ ತಂದು ಮುಂದ ನಿಲ್ಲಿಸಿದ್ರೂ ಮೂಸಂಗಿಲ್ಲ."

ಅಬ್ಬ ಅಮ್ಮಿಯ ಕಡೆ ನೋಡಿದರು. ಇವತ್ತಿನ ದಿನ ಅವಳದು ಎಂದು ಅವರಿಗೂ ಗೊತ್ತಿತ್ತು, ಮಾತು ಅವಳಿಂದಲೇ ಬರಬೇಕಿತ್ತು. ಅಮ್ಮಿ ನನ್ನ ಕೊರಳಿನಿಂದ ದುರ್ಬೀನು ಇಸಿದುಕೊಂಡು ಕಣ್ಣಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು. ನೀರಿನ ಮೇಲೆ ಬಿಸಿಲು ಕುದಿಯುತ್ತಿತ್ತು.

"ಕಂಡ್ವಾ ಅಮ್ಮಿ?"

"ಇಲ್ಲ," ಎಂದಳು. "ಬರೀ ಬಿಸಿಲು ಕಾಣ್ತೈತಿ." ದುರ್ಬೀನು ನನ್ನ ಕೈಗಿಟ್ಟು ಚಾಪೆಯ ಒಂದು ತುದಿ ಎತ್ತಿದಳು. "ಏಳ್ರಿ. ಗಾಡ್ಯಾಗ ಕುಂತು ಉಣ್ಣಾಕ ಬರ್ತೈತಿ."

ನನಗೆ ಅಳು ಬಂತು. ಯಾರ ಮೇಲೆ ಸಿಟ್ಟಾಗಬೇಕು ಗೊತ್ತಾಗದೆ ಗುಬ್ಬಿಯ ಮೇಲೆ ಸಿಟ್ಟಾದೆ. ಗೋಡೆ ಇದ್ದವು, ಸೂರು ಇತ್ತು, ಊರು ತುಂಬ ಜಾಗ ಇತ್ತು, ಬಂಪರೇ ಬೇಕಿತ್ತೇ ಇದಕ್ಕೆ?

ಬರುವಾಗ ಬಂಪರಿಗೆ ಒದ್ದೆ ಗೋಣಿ ಕಟ್ಟಿದೆವು. ಅಮ್ಮಿ ಮುಂದಿನ ಸೀಟು ಬಿಟ್ಟು ಹಿಂದೆ, ಗೂಡಿಗೆ ಹತ್ತಿರವಾಗಿ ಬಂದು ಕೂತಳು. ಹೋಗುವಾಗ ಆ ಸದ್ದು ನಿಂತರೆ ಸಾಕು ಎಂದಿದ್ದವರು ಈಗ ಅದು ನಿಲ್ಲದಿದ್ದರೆ ಸಾಕು ಎಂದು ಕಿವಿಗೊಟ್ಟು ಕೂತೆವು. ತಗ್ಗು ಬಂದರೆ "ಚೀಂಯ್" ಕೇಳಬೇಕು. ಕೇಳದೇ ಹೋದರೆ ಅಬ್ಬ ತಾವಾಗಿ ನಿಲ್ಲಿಸಿ, "ನೋಡು, ಅದಾವೇನು?" ಎನ್ನುತ್ತಿದ್ದರು. ದಾರಿಯಲ್ಲಿ ಒಂದು ಹದ್ದು ಕಂಬದ ಮೇಲೆ ಹಾವು ಹಿಡಿದು ಕೂತಿತ್ತು. ನೂರು ವರ್ಷಕ್ಕೊಮ್ಮೆ ಸಿಗುವ ನೋಟ. ಯಾರೂ "ನಂದು" ಎನ್ನಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಗೋಣಿ ಒಣಗಿತು, ನಮ್ಮ ಕ್ಯಾನಿನ ನೀರೂ ಮುಗಿದಿತ್ತು. ಅಬ್ಬ ಗಾಡಿ ನಿಲ್ಲಿಸಿದ್ದು, ಬೇರೆಲ್ಲೂ ನಲ್ಲಿ ಕಾಣದೆ, ತಮ್ಮ ಕಸುಬಿನವರ ಅಂಗಡಿಯ ಮುಂದೆಯೇ. ಟೇಪು ಬಂದ್ ಆಗಿತ್ತು. ಗಾಡಿ ನಿಲ್ಲುವ ಕುಲುಕಿಗೆ ಹಿಂದಿನಿಂದ ಸದ್ದು ಬಂತು. ಆ ಮೇಸ್ತ್ರಿ ಕೈಯಲ್ಲಿದ್ದ ಪಾನಾ ಇಟ್ಟು, ಖುಷಿಯಿಂದ ಎದ್ದು ಬಂದರು.

"ಏನ್ ಮೇಸ್ತ್ರಿ, ನಿಮ್ಮ ಗಾಡಿನೇ ಬುಷ್ ಹೋಗೈತಲ್ರಿ."

ಅಬ್ಬ ಒಂದು ಕ್ಷಣ ಅವರ ಮುಖ ನೋಡಿದರು. ಹೇಳಲು ಎಲ್ಲವೂ ಇತ್ತು. ಆದರೆ ಹೇಳಿದರೆ ಅವರು ಬಗ್ಗಿ ನೋಡುತ್ತಾರೆ, ನಾಲ್ಕು ಜನರನ್ನು ಕರೆಯುತ್ತಾರೆ, ಚಹಾ ತರಿಸುತ್ತಾರೆ.

"ಹೌದ್ರಿ, ಹೋಗೈತಿ," ಎಂದರು ಅಬ್ಬ, ಕ್ಯಾನಿನಲ್ಲಿ ನೀರು ಹಿಡಿಯುತ್ತಾ. "ಸ್ವಲ್ಪ ಅರ್ಜೆಂಟ್ ಐತಿ, ಬರ್ತೀನಿ." ಅಬ್ಬನನ್ನು ನಾನು ಆ ದಿನದಷ್ಟು ಮೆಚ್ಚಿಕೊಂಡದ್ದು ಅದಕ್ಕೆ ಮೊದಲು ನೆನಪಿಲ್ಲ.

ಕೊಟ್ಟೂರಿಗೆ ಬಂದಾಗ ಹೊತ್ತು ಬಾಗಿತ್ತು. ಶೆಡ್ಡಿನ ಹಿಂದೆ ತಾಯಿ ಗುಬ್ಬಿ ಇತ್ತು. ಬಾಯಲ್ಲಿ ಏನೋ ಹಿಡಿದುಕೊಂಡು, ಗೋಡೆಯ ಮುಂದೆ ಬಂಪರು ಇರಬೇಕಾದ ಎತ್ತರದಲ್ಲಿ ಗಾಳಿಯಲ್ಲಿ ರೆಕ್ಕೆ ಬಡಿದು ನಿಲ್ಲುತ್ತಿತ್ತು, ಏನೂ ಸಿಗದೆ ಗೋಡೆಯ ಮೇಲೆ ಹೋಗಿ ಕೂರುತ್ತಿತ್ತು, ಮತ್ತೆ ಬರುತ್ತಿತ್ತು. ಅಂದರೆ ಗಾಡಿ ಅದೇ ಜಾಗಕ್ಕೆ ಹೋಗಬೇಕು, ಹತ್ತಿರ ಹತ್ತಿರ ಆದರೆ ಸಾಲದು. ಹಿಂದಕ್ಕೆ ಗಾಡಿ ತೆಗೆಯುವಾಗ ಅಬ್ಬನಿಗೆ ಯಾರೂ ದಾರಿ ಹೇಳುವಂತಿಲ್ಲ, ಅದು ಅವಮಾನ. ಆ ದಿನ ಅವರೇ ತಲೆ ಹೊರಗೆ ಹಾಕಿ "ಎಷ್ಟು?" ಎಂದು ಕೇಳಿದರು. ಆ ಹಿತ್ತಲನ್ನು ದಿನವೂ ಗುಡಿಸುವವಳು ಅಮ್ಮಿ. ಚಕ್ರ ನಿಂತು ನಿಂತು ಆದ ಗುಂಡಿ ಎಲ್ಲಿ, ಎಣ್ಣೆ ತೊಟ್ಟಿಕ್ಕಿದ ಕಲೆ ಎಲ್ಲಿ, ಎಲ್ಲ ಅವಳಿಗೆ ಗೊತ್ತು. "ಬರ್ರಿ, ಬರ್ರಿ, ಸ್ವಲ್ಪ ಎಡಕ್ಕ, ಹಾಂ, ಇನ್ನು ಒಂದು ಬೆರಳು. ಸಾಕು." ಬಸ್ ಸ್ಟ್ಯಾಂಡಿನ ಕಂಡಕ್ಟರಂತೆ ಗಾಡಿಯ ಮೈ ತಟ್ಟಿದಳು.

ನಾವೆಲ್ಲ ಬಾಗಿಲ ಹಿಂದೆ ನಿಂತೆವು. ಗುಬ್ಬಿ ಗೋಡೆಯ ಮೇಲಿಂದ ನೋಡಿತು. ತಂತಿಗೆ ಹೋಯಿತು. ಅದಕ್ಕೆ ನಮ್ಮ ಮೇಲೆ ನಂಬಿಕೆ ಹೋಗಿತ್ತು, ಅದರಲ್ಲಿ ಅದರ ತಪ್ಪೇನೂ ಇರಲಿಲ್ಲ. ಒಳಗಿನಿಂದ ಬಹಳ ಸಣ್ಣದಾಗಿ "ಚೀಂಯ್" ಎಂದಿತು. ತಾಯಿ ಇಳಿದು, ಬಂಪರಿನ ಮೇಲೆ ಒಂದೆರಡು ಸಲ ಕುಪ್ಪಳಿಸಿ, ಸಂದಿನಲ್ಲಿ ನುಗ್ಗಿತು. ಒಳಗೆ ಗದ್ದಲವೋ ಗದ್ದಲ. ಕಾಕಾ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡು, "ಸೆಕಿ ಭಾಳ ಐತಿ," ಎಂದರು.

ತಲೆ ಎತ್ತದ ಆ ಒಂದು ಮರಿ ಮಾತ್ರ ಮರುದಿನ ಬೆಳಿಗ್ಗೆ ಕೆಳಗೆ ಬಿದ್ದಿತ್ತು. ಉಳಿದವು ಉಳಿದವು. ಇನ್ನು ಮರಿ ಹಾರುವ ತನಕ ವ್ಯಾನು ಕದಲುವಂತಿರಲಿಲ್ಲ. ಓಣಿಯ ಹೆಂಗಸರು "ನೋಡಿದ್ರೇನ್ರಿ ಕೆಂಪು ಹಕ್ಕಿ?" ಎಂದು ಕೇಳಲು ಬಂದರು. ಅಮ್ಮಿ "ಕಂಡ್ತು" ಎನ್ನಬಹುದಿತ್ತು, ಅಷ್ಟು ವರ್ಷ ಅಂದಿದ್ದಳು. "ಇಲ್ಲವ್ವ, ನನ್ನ ನಸೀಬದಾಗ ಇಲ್ಲ" ಎಂದು ನಕ್ಕು ಒಳಗೆ ಹೋದಳು. ಪಾತ್ರೆಗಳ ಸದ್ದು ಕೇಳಿತು.

ಅಬ್ಬನಿಗೂ ಕೇಳಿರಬೇಕು. ಆ ಕಿವಿಗೆ ಅದು ಕೇಳದೇ ಹೋಗುತ್ತದೆಯೇ? ಅದರ ಮಾರನೆಯ ದಿನ ಬೆಳಗಿನ ನಮಾಜು ಮುಗಿಸಿ ಬಂದವರೇ ಬೈಕು ಹೊರಗೆ ತೆಗೆದರು. "ನಡಿ," ಎಂದರು ಅಮ್ಮಿಗೆ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ನಾನೂ ಬರುತ್ತೇನೆ ಎಂದು ಬಾಯಿಗೆ ಬಂದಿತ್ತು, ಆದರೆ ಬೈಕಿಗೆ ಇಬ್ಬರೇ, ಅಲ್ಲದೆ ಪಕ್ಕದ ಮನೆಯ ಬೆಕ್ಕು ಆಗಲೇ ಬಂಪರಿನ ಸುತ್ತ ಸುಳಿದಾಡುತ್ತಿತ್ತು, ಯಾರಾದರೂ ಕಾಯಬೇಕಿತ್ತು. ನನ್ನ ನೆನಪಿನಲ್ಲಿ ಅವರಿಬ್ಬರೇ, ನಮ್ಮನ್ನು ಯಾರನ್ನೂ ಕಟ್ಟಿಕೊಳ್ಳದೆ, ಹೊರಗೆ ಹೋದದ್ದು ಅದೇ ಮೊದಲು. ಅಮ್ಮಿ ಹಿಂದೆ ಕೂತು ಅಬ್ಬನ ಭುಜ ಹಿಡಿದುಕೊಂಡಳು. ದುರ್ಬೀನು ಕೊಟ್ಟರೆ ಬೇಡವೆಂದಳು.

ದಿನವಿಡೀ ನಾನು ಬೆಕ್ಕು ಓಡಿಸಿದೆ. ಹಕ್ಕಿಗಳು ಹೋಗಿಬಿಟ್ಟಿದ್ದರೆ? ಇದ್ದರೂ ಆಚೆ ದಂಡೆಯಲ್ಲೇ ನಿಂತಿದ್ದರೆ? ಆಗ ಅವಳು ಬಂದು "ಹೂಂ, ಕಂಡ್ವು" ಎನ್ನುತ್ತಾಳೆ, ಅಬ್ಬನನ್ನು ನೋಯಿಸಬಾರದೆಂದು. ನನಗೆ ಅದು ನಿಜವೋ ಸುಳ್ಳೋ ಹೇಗೆ ಗೊತ್ತಾಗಬೇಕು ಎಂಬುದೇ ನನ್ನ ಚಿಂತೆ.

ಕತ್ತಲಾಗುವ ಹೊತ್ತಿಗೆ ಬೈಕು ಬಂತು. ಇಬ್ಬರ ಮೈಮೇಲೂ ದೂಳು. ಓಣಿಯ ಹೆಂಗಸರು ಕಟ್ಟೆಯಿಂದ ಎದ್ದು ಬಂದರು. ನಾನು ಏನೂ ಕೇಳುವ ಮೊದಲೇ ಅಮ್ಮಿ ನನ್ನ ಮೇಲೆ ಹರಿಹಾಯ್ದಳು.

"ನೀನು ಯಾಕ ಹೇಳ್ಲಿಲ್ಲ ನನಗ? ಇಷ್ಟು ಓದಿ, ಇಷ್ಟು ದುರ್ಬೀನು ಹಿಡಿದು, ಇದೊಂದು ಹೇಳ್ಲಿಲ್ಲಲ್ಲ?"

"ಏನಮ್ಮಿ?"

"ಅವು ತಿನ್ನೋದು. ಎಲ್ಲಾ ಹಕ್ಕಿ ತಿಂದಂಗ ತಿನ್ನಂಗಿಲ್ಲ ಅವು. ತಲಿ ಪೂರ್ತಿ ತಿರುವಿ ಹಾಕಿ ತಿಂತಾವು. ನೆತ್ತಿ ಕೆಳಗ, ಗದ್ದ ಮ್ಯಾಲ. ಹಿಂಗ." ಬುರ್ಖಾ ಸಹ ಬಿಚ್ಚದೆ, ಅಂಗಳದ ನಡುವೆ ಸೊಂಟ ಬಗ್ಗಿಸಿ, ಮಂಡಿನೋವು ಮರೆತು, ಕೊರಳು ಚಾಚಿ, ತಲೆಯನ್ನು ತಲೆಕೆಳಗು ಮಾಡಿ, ನೆಲದ ಮೇಲೆ ಅತ್ತಿತ್ತ ಆಡಿಸುತ್ತಾ ಎರಡು ಹೆಜ್ಜೆ ನಡೆದಳು. "ನೀರಾಗ ಕಾಲಿಲೆ ಕಲಸ್ತಾವು, ಮುದ್ದಿ ತಿರುವಿದಂಗ. ಆಮ್ಯಾಲ ಹಿಂಗ ಬಗ್ಗಿ, ಹಿಂಗ."

ಹೆಂಗಸರು ಬಾಯಿ ಮೇಲೆ ಸೆರಗಿಟ್ಟುಕೊಂಡು ನಗುತ್ತಿದ್ದರು. ಅಬ್ಬ ಬೈಕಿನ ಮೇಲೆ ಕೂತೇ ನೋಡುತ್ತಿದ್ದರು. ಹಾಗೆ ತಿನ್ನುತ್ತವೆ ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗುಲಾಬಿ ಗೆರೆಯೊಂದನ್ನು ಬಿಟ್ಟರೆ ನಾನು ರಾಜಹಂಸವನ್ನೇ ನೋಡಿರಲಿಲ್ಲ. ಇದು ಯಾರೂ ಕಟ್ಟಿ ಹೇಳಬಹುದಾದದ್ದಲ್ಲ, ಹತ್ತಿರ ನಿಂತು ಕಣ್ಣಾರೆ ಕಂಡವರಿಗೆ ಮಾತ್ರ ಸಿಗುವಂಥದ್ದು. ನನ್ನ ಕಣ್ಣು ತುಂಬಿ ಬಂದವು, ಅದಕ್ಕೆ ನಾಚಿಕೆಯೇನೂ ಆಗಲಿಲ್ಲ.

"ಇನ್ನೊಮ್ಮೆ ತೋರ್ಸು ಅಮ್ಮಿ," ಎಂದೆ, ಸರಿಯಾಗಿ ಕಾಣಲೆಂದು ಅವಳ ಮುಂದೆ ನೆಲದ ಮೇಲೆ ಕೂತು.

ಅವಳು ಬುರ್ಖಾದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಬಗ್ಗಿದಳು.